ಒಲೆ ಧಾರವಾಡದಲ್ಲಿ, ಫ್ಯಾನು ಹುಬ್ಬಳ್ಳಿಯಲ್ಲಿ

"ಒಂದು ಕಾರಿಗೆ 13 ಲೀಟರ್ ಎಣ್ಣೆ?" ಪಾಟೀಲನ ಮಿರ್ಚಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಅಷ್ಟರಲ್ಲಿ ದುರ್ಗದಬೈಲಿನಲ್ಲಿ ಇಡೀ ಸಂಜೆ ಮಿರ್ಚಿ ಕರೀಬಹುದಲ್ರೀ!"

"ಪೋರ್ಷೆ 911 ಅದು. 1986ರದು," ಅಂದರು ಕುಲಕರ್ಣಿ ಮಾಸ್ತರು. "ಮಗ ಅಮೆರಿಕದಲ್ಲಿ ಕೊಂಡಿದ್ದಾನೆ. ನೀರಿನ ರೇಡಿಯೇಟರ್ ಇಲ್ಲ. ಗಾಳಿ, ಎಣ್ಣೆ ಎರಡೇ ಅದನ್ನು ತಂಪು ಮಾಡಬೇಕು. ಎಂಜಿನ್ ಹಿಂದೆ, ಆಯಿಲ್ ಕೂಲರ್ ಮುಂದೆ ಬಲಗಡೆ. ನಡುವೆ ಬಾಗಿಲ ಕೆಳಗೆ ಎರಡು ಉದ್ದ ಪೈಪು. ಅವು ತುಕ್ಕು ಹಿಡಿದು ಸೋರ್ತಿವೆ."

ಬಸಣ್ಣ ಚಹಾ ಬಸಿಗೆ ಸುರಿದುಕೊಂಡ. "ಅಂದರೆ ಒಲೆ ಧಾರವಾಡದಲ್ಲಿ, ಫ್ಯಾನು ಹುಬ್ಬಳ್ಳಿಯಲ್ಲಿ. ಎಣ್ಣೆ ಪಾಪ ಚಿಗರಿ ಬಸ್ ಹತ್ತಿ ಬಂದು, ಉಣಕಲ್ ಕೆರೆ ಗಾಳಿ ಕುಡಿದು, ವಾಪಸ್ ಹೋಗಬೇಕು."

"ಸುಮ್ನೆ ಹತ್ತೋಕಾಗಲ್ಲ. ಹಿಂದಿನ ಗಾಲಿ ಹತ್ತಿರ ಥರ್ಮೋಸ್ಟಾಟ್ ಇದೆ. ಸುಮಾರು 85 ಡಿಗ್ರಿ ಕಾದ ಮೇಲೇ ಎಣ್ಣೆಯನ್ನು ಮುಂದೆ ಬಿಡುತ್ತದೆ."

"ಟಿಕೆಟ್ ಕೌಂಟರಿನವನು ಹಣೆ ಮುಟ್ಟಿ ನೋಡ್ತಾನೆ ಅನ್ನಿ. ಜ್ವರ ಇಲ್ಲದವರಿಗೆ ಟಿಕೆಟ್ ಇಲ್ಲ."

"ಮಗ ಪೈಪು ಬಿಚ್ಚೋಕೆ ಹೋದರೆ, ಆ ಥರ್ಮೋಸ್ಟಾಟಿಗೇ ಅದರ ಒಂದು ನಟ್ ಕಚ್ಚಿಕೊಂಡು ಕೂತಿತ್ತು. ಶನಿವಾರ ಪೂರ್ತಿ ಅದೊಂದೇ ಕೆಲಸ. ಎರಡು ಪಾನಾ ಹಾಕಿದ, ಕಾಯಿಸಿದ, ಎಣ್ಣೆ ಬಿಟ್ಟ. ಜಗ್ಗಲಿಲ್ಲ. ಥರ್ಮೋಸ್ಟಾಟ್ ಆದರೂ ಉಳಿಯಲಿ ಅಂತ ಕೊನೆಗೆ ಪೈಪನ್ನೇ ಕೊಯ್ದ."

"ನಲವತ್ತು ವರ್ಷ ಒಳಗಿಂದ ಎಣ್ಣೆ ಕುಡಿದ ನಟ್ಟಿಗೆ ಮತ್ತೆ ಮೇಲಿಂದ ಎಣ್ಣೆ!" ಬಸಣ್ಣನಿಗೆ ಈಗ ರಂಗೇರಿತು. "ಈ ಹಳೇ ಗಾಡಿ ಹುಚ್ಚೇ ನನಗೆ ತಿಳಿಯೋಲ್ಲ. ಮಾಸ್ತರ, ನಿಮ್ಮ ಲೂನಾ ಗುಜರಿಗೆ ಹಾಕಿಸಿದವನೂ ಇವನೇ ಅಲ್ವಾ? ಹಳೇದಾಯ್ತು, ಸೋರ್ತಿದೆ ಅಂತ? ನಮ್ಮದು ಸೋರಿದರೆ ಗುಜರಿ, ಜರ್ಮನಿಯದು ಸೋರಿದರೆ ವಿಂಟೇಜ್!"

ಪಾಟೀಲ ಟೇಬಲ್ ಕುಟ್ಟಿ ನಕ್ಕ. ಮಾಸ್ತರು ಗಿರ್ಮಿಟ್ಟಿನಿಂದ ಉಳ್ಳಾಗಡ್ಡಿ ಚೂರು ಒಂದೊಂದೇ ಬದಿಗೆ ಸರಿಸುತ್ತಿದ್ದರು.

"ನಾನು ಲೂನಾ ಬಿಚ್ಚುವಾಗ ಟಾರ್ಚ್ ಹಿಡೀತಿದ್ದವನು ಅವನೇ. ಎಂಟು ವರ್ಷದವನು. ಕೈ ಅಲುಗಿದರೆ ಬೈತಿದ್ದೆ." ಸ್ವಲ್ಪ ತಡೆದರು. "ಮೊನ್ನೆ ವಿಡಿಯೋ ಕಾಲ್ ಮಾಡಿ ಫೋನನ್ನು ಕಾರಿನ ಕೆಳಗೆ ಇಟ್ಟಿದ್ದ. ಬರೀ ಕತ್ತಲೆ. ಅಪ್ಪ, ನಟ್ ಕಾಣ್ತಿದೆಯಾ ಅಂದ."

"ಕಂಡಿತಾ?"

"ಎಲ್ಲಿಂದ ಕಾಣಬೇಕು? ಎದ್ದು ಹೋಗಿ ಟಾರ್ಚ್ ತಂದು ಫೋನಿಗೆ ಹಿಡಿದೆ."

ಪಾಟೀಲನಿಗೆ ಚಹಾ ನೆತ್ತಿಗೇರಿತು. ಮಾಸ್ತರೂ ನಕ್ಕರು. ಬಸಣ್ಣ ಬಸಿ ಕೆಳಗಿಟ್ಟ.

"ಕೈ ಅಲುಗಲಿಲ್ಲ ತಾನೇ?"