ಸ್ಟಾಕ್‌ಹೋಮ್ ನಗರ ಚುನಾವಣೆ 2026: ಭಾರತದ ಪಾಸ್‌ಪೋರ್ಟ್ ಇದ್ದವರಿಗೂ ವೋಟಿದೆ, ಮಕ್ಕಳ ಶಾಲೆ ಅಲ್ಲೇ ತೀರ್ಮಾನವಾಗುತ್ತದೆ

ಪ್ರಶ್ನೆ (ಕಿಸ್ತಾ):
ನಮಸ್ಕಾರ ಎಲ್ಲರಿಗೂ. ಸ್ಟಾಕ್‌ಹೋಮಿನ ಕಿಸ್ತಾ ಬಡಾವಣೆಯಲ್ಲಿರುವ ನಾನು, ನಮ್ಮ ಯಜಮಾನರು ಇಬ್ಬರೂ ಭಾರತದ ಪಾಸ್‌ಪೋರ್ಟಿನವರು. ಮಗಳು 2021ರಲ್ಲಿ ಹುಟ್ಟಿದವಳು. ಸೆಪ್ಟೆಂಬರ್ ಚುನಾವಣೆಯಲ್ಲಿ ನಮಗೂ ವೋಟಿದೆ ಅಂತ ಕೇಳಿದ್ವಿ, ನಿಜಾನಾ? ವೋಟು ಹಾಕಿದರೆ ನಮ್ಮ ಪೌರತ್ವಕ್ಕೆ ಏನಾದ್ರೂ ತೊಂದರೆ ಆಗುತ್ತಾ? ಯಾವ ಪಕ್ಷ ಏನು ಅಂತಾನೂ ತಲೆಗೆ ಹತ್ತುತ್ತಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ (ವೆಲ್ಲಿಂಗ್‌ಬಿ):
ನಿಜ ತಂಗಿ. ಸ್ವೀಡನ್ನಿನಲ್ಲಿ ಒಂದೇ ದಿನ ಮೂರು ಚುನಾವಣೆ ನಡೆಯುತ್ತವೆ: ಸಂಸತ್ತಿಗೆ ಹಳದಿ ಚೀಟಿ, ಕಮ್ಯೂನಿಗೆ (ಅಂದರೆ ಸ್ಥಳೀಯ ನಗರಾಡಳಿತಕ್ಕೆ) ಬಿಳಿ, ರೀಜನ್‌ಗೆ (ಅಂದರೆ ಇಡೀ ಜಿಲ್ಲೆಯ ಚುನಾಯಿತ ಪರಿಷತ್ತಿಗೆ) ನೀಲಿ. ಹಳದಿ ಚೀಟಿ ಸ್ವೀಡಿಷ್ ಪ್ರಜೆಗಳಿಗೆ ಮಾತ್ರ. ಬಿಳಿ, ನೀಲಿ ಎರಡೂ ನಮ್ಮಂಥ ನಿವಾಸಿಗಳಿಗೂ ಸಿಗುತ್ತವೆ. ಐರೋಪ್ಯ ಒಕ್ಕೂಟ, ನಾರ್ವೆ, ಐಸ್‌ಲ್ಯಾಂಡ್ ಬಿಟ್ಟು ಹೊರಗಿನ ದೇಶದವರಾದರೆ ಚುನಾವಣೆಯ ದಿನಕ್ಕೆ 18 ತುಂಬಿರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಬಿಡದೆ ಇಲ್ಲಿನ ಜನಸಂಖ್ಯಾ ನೋಂದಣಿಯಲ್ಲಿ, ಅಂದರೆ ಫೋಲ್ಕ್‌ಬೂಕ್‌ಫೋರಿಂಗ್‌ನಲ್ಲಿ, ಹೆಸರಿರಬೇಕು. ಈ ಸಲ ಚುನಾವಣೆ 2026ರ ಸೆಪ್ಟೆಂಬರ್ 13ಕ್ಕೆ. 2023ರ ಸೆಪ್ಟೆಂಬರ್ ಮಧ್ಯಕ್ಕೆ ಮುಂಚೆಯೇ ನೋಂದಣಿಯಾಗಿ, ನಡುವೆ ಕಡಿದುಹೋಗದಿದ್ದರೆ ನಿಮ್ಮ ಹೆಸರು ತಾನಾಗಿಯೇ ಮತದಾರರ ಪಟ್ಟಿಗೆ ಬರುತ್ತದೆ. ಯಾವ ಅರ್ಜಿಯೂ ಬೇಡ.

"ನಡುವೆ ಕಡಿದುಹೋಗುವುದು" ಅಂದದ್ದು ಸುಮ್ಮನೆ ಅಲ್ಲ. ಬಾಣಂತನಕ್ಕೋ ಪ್ರಾಜೆಕ್ಟಿಗೋ ಒಂದು ವರ್ಷಕ್ಕಿಂತ ಹೆಚ್ಚು ಊರಿಗೆ ಹೋಗುವವರು ಸ್ಕಾಟ್ಟೆವೆರ್ಕೆಟ್‌ಗೆ, ಅಂದರೆ ತೆರಿಗೆ ಇಲಾಖೆಗೆ, ತಿಳಿಸಿ ಹೆಸರು ತೆಗೆಸಬೇಕಾಗುತ್ತದೆ. ವಾಪಸ್ ಬಂದ ಮೇಲೆ ಮೂರು ವರ್ಷದ ಲೆಕ್ಕ ಮೊದಲಿಂದ ಶುರು. ಬೇಸಿಗೆ ರಜೆಗೆ ಎರಡು ತಿಂಗಳು ಹೋಗಿಬಂದರೆ ಏನೂ ಆಗುವುದಿಲ್ಲ.

ಪೌರತ್ವದ ವಿಷಯದಲ್ಲಿ ಭಯ ಬೇಡ. ಬೇರೆ ದೇಶದ ಪೌರತ್ವವನ್ನು ನಾವಾಗಿಯೇ ಪಡೆದಾಗ ಭಾರತದ್ದು ಹೋಗುತ್ತದೆ. ಕಮ್ಯೂನ್ ವೋಟು ಇಲ್ಲಿ ವಾಸ ಇರುವುದರಿಂದ ಬರುವ ಹಕ್ಕು, ಪಾಸ್‌ಪೋರ್ಟಿಗೂ ಅದಕ್ಕೂ ಸಂಬಂಧವಿಲ್ಲ. ವೋಟಿರುವವರು ಕಮ್ಯೂನ್ ಚುನಾವಣೆಗೆ ನಿಲ್ಲಲೂಬಹುದು. ಪಾಸ್‌ಪೋರ್ಟ್ ಬದಲಿಸುವುದೋ ಬೇಡವೋ ಅಂತ ವರ್ಷಗಟ್ಟಲೆ ಯೋಚಿಸುವ ಮನೆಗಳು ಬಹಳ ಇವೆ, ಅದು ಅವರವರ ತೀರ್ಮಾನ. ಆದರೆ ಆ ಯೋಚನೆ ಮುಗಿಯಲಿ ಅಂತ ಈ ವೋಟನ್ನು ಕಾಯಿಸಬೇಡಿ. ನಮ್ಮ ಸಂಬಳದ ತೆರಿಗೆ ಹೋಗುವುದೇ ಈ ಎರಡು ಕಡೆಗೆ. ಕಮ್ಯೂನಿನದ್ದೂ ರೀಜನ್ನಿನದ್ದೂ ಸೇರಿ ಸುಮಾರು 30% ಆಗುತ್ತದೆ. ಸಂಬಳ ಒಂದು ಮಿತಿ ದಾಟಿದ ಮೇಲಷ್ಟೇ ಸರ್ಕಾರಕ್ಕೆ ಆದಾಯ ತೆರಿಗೆ.

ಇನ್ನೊಂದು ಮುಖ್ಯ ಮಾತು: ಮೊದಲು ನೀವು ಯಾವ ಕಮ್ಯೂನಿನವರು ಅಂತ ನೋಡಿಕೊಳ್ಳಿ. "ಸ್ಟಾಕ್‌ಹೋಮಿನಲ್ಲಿದ್ದೀವಿ" ಅನ್ನುವ ನಮ್ಮವರಲ್ಲಿ ಅನೇಕರು ಸ್ಟಾಕ್‌ಹೋಮ್ ಕಮ್ಯೂನಿನಲ್ಲಿಲ್ಲ. ಈ ಜಿಲ್ಲೆಯಲ್ಲಿ 26 ಕಮ್ಯೂನುಗಳಿವೆ. ಕಿಸ್ತಾ, ಹ್ಯುಸ್‌ಬಿ, ಅಕಲ್ಲಾ ಸ್ಟಾಕ್‌ಹೋಮ್ ನಗರಕ್ಕೆ ಸೇರಿದ್ದು. ಪಕ್ಕದಲ್ಲೇ ಇರುವ ಹೆಲೆನೆಲುಂಡ್ ಸೊಲ್ಲೆಂಟ್ಯೂನಾ ಕಮ್ಯೂನಿಗೆ, ಹಲ್ಲೊನ್‌ಬೆರ್ಯೆನ್ ಮತ್ತು ರಿಸ್ನೆ ಸುಂದ್‌ಬಿಬೆರ್ಗ್‌ಗೆ, ಬಾರ್ಕಾರ್‌ಬಿ ಯೆರ್‌ಫೆಲ್ಲಾಕ್ಕೆ, ಹುವುದ್‌ಸ್ಟಾ ಸೋಲ್ನಾಕ್ಕೆ. ಅವರಿಗೆ ಸಿಗುವ ಬಿಳಿ ಚೀಟಿ ಬೇರೆ, ಅಭ್ಯರ್ಥಿಗಳು ಬೇರೆ, ಶಾಲೆಯ ನಿಯಮಗಳೂ ಕೆಲವು ಬೇರೆ. ನೀಲಿ ಚೀಟಿಯ ಪಕ್ಷಗಳು ಮಾತ್ರ ಇಡೀ ಜಿಲ್ಲೆಗೆ ಒಂದೇ.

ಪಟ್ಟಿ ಗಟ್ಟಿಯಾಗುವುದು ಚುನಾವಣೆಗೆ 30 ದಿನ ಮುಂಚೆ, ಅಂದರೆ ಆಗಸ್ಟ್ 14ಕ್ಕೆ. ಅವತ್ತು ನಿಮ್ಮ ನೋಂದಾಯಿತ ವಿಳಾಸ ಯಾವುದೋ ಅಲ್ಲಿಯ ವೋಟು. ಮನೆ ಬದಲಿಸಿದವರು ಒಂದು ವಾರದೊಳಗೆ ತಿಳಿಸಬೇಕು ಅನ್ನುವುದು ಕಾನೂನು. ಸೆಕೆಂಡ್‌ಹ್ಯಾಂಡ್ ಬಾಡಿಗೆಯಲ್ಲಿ, ಅಂದರೆ ಬೇರೆಯವರ ಹೆಸರಿನ ಮನೆಯಲ್ಲಿ ಬಾಡಿಗೆಗೆ, ಇರುವವರು "ಆಮೇಲೆ ಮಾಡೋಣ" ಅಂತ ಬಿಟ್ಟು, ಹಳೆಯ ವಿಳಾಸಕ್ಕೆ ಮತದಾರರ ಕಾರ್ಡ್ ಹೋಗಿ, ಕೊನೆಗೆ ವೋಟೇ ಹಾಕದೆ ಸುಮ್ಮನಾಗುತ್ತಾರೆ. ಪಟ್ಟಿಯಲ್ಲಿ ತಪ್ಪಿದ್ದರೆ ಜಿಲ್ಲಾಡಳಿತಕ್ಕೆ, ಅಂದರೆ ಲೆನ್ಸ್‌ಸ್ಟಿರೆಲ್ಸೆನ್‌ಗೆ, ಬರೆದು ಸರಿಪಡಿಸಿಕೊಳ್ಳಲು ಸೆಪ್ಟೆಂಬರ್ 1 ಕೊನೆ ದಿನ.

ಪ್ರಶ್ನೆ (ಕಿಸ್ತಾ):
ತುಂಬಾ ಉಪಕಾರ ಆಯ್ತು ಅಣ್ಣ. ವೋಟು ಹಾಕುವಾಗ ಏನು ಮಾಡಬೇಕು, ಯಾವುದರಲ್ಲಿ ತಪ್ಪಾಗುತ್ತೆ ಅಂತಾನೂ ಹೇಳಿ.

ಉತ್ತರ (ವೆಲ್ಲಿಂಗ್‌ಬಿ):
ಆಗಸ್ಟ್ 26ರಿಂದಲೇ ಮುಂಗಡ ಮತದಾನ ಶುರು. ಗ್ರಂಥಾಲಯ, ಮಾಲ್‌ಗಳಲ್ಲಿ ಕೇಂದ್ರ ಇರುತ್ತದೆ, ದೇಶದ ಯಾವ ಊರಿನಲ್ಲಾದರೂ ಹಾಕಬಹುದು. ಇದಕ್ಕೆ ಮತದಾರರ ಕಾರ್ಡ್ ಬೇಕು. ಕಳೆದುಹೋಗಿದ್ದರೆ ಕೇಂದ್ರದಲ್ಲೇ ಹೊಸದು ಮುದ್ರಿಸಿಕೊಡುತ್ತಾರೆ. ಸೆಪ್ಟೆಂಬರ್ 13ರಂದೇ ಹೋಗುವುದಾದರೆ ನಿಮ್ಮ ಮತಗಟ್ಟೆಗೇ ಹೋಗಬೇಕು, ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ರಾತ್ರಿ 8. ಅಲ್ಲಿ ಗುರುತಿನ ಚೀಟಿ ಸಾಕು. ಅದೂ ಇಲ್ಲದಿದ್ದರೆ ಜೊತೆಗಿರುವವರು ತಮ್ಮ ಗುರುತಿನ ಚೀಟಿ ತೋರಿಸಿ ನಿಮ್ಮ ಪರವಾಗಿ ಖಾತ್ರಿ ಕೊಡಬಹುದು. ಮುಂಗಡ ವೋಟು ಹಾಕಿ ಮನಸ್ಸು ಬದಲಾದರೆ ಚುನಾವಣೆಯ ದಿನ ನಿಮ್ಮ ಮತಗಟ್ಟೆಯಲ್ಲಿ ಮತ್ತೆ ಹಾಕಬಹುದು. ಹಳೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬೆಂಗಳೂರಿನಲ್ಲಿ ಇವಿಎಂ ಗುಂಡಿ ಒತ್ತಿ ಅಭ್ಯಾಸ ಇರುವವರಿಗೆ ಇಲ್ಲಿಯದು ಹೊಸದು. ಪರದೆಯ ಹಿಂದೆ ಸ್ಟ್ಯಾಂಡಿನಲ್ಲಿ ಒಂದೊಂದು ಪಕ್ಷಕ್ಕೂ ಬೇರೆ ಬೇರೆ ಚೀಟಿ ಜೋಡಿಸಿರುತ್ತಾರೆ. ಬಿಳಿಯಲ್ಲಿ ಒಂದು, ನೀಲಿಯಲ್ಲಿ ಒಂದು ಆರಿಸಿಕೊಳ್ಳಿ. ಯಾರೂ ನೋಡಬಾರದು ಅನಿಸಿದರೆ ನಾಲ್ಕಾರು ಪಕ್ಷದ್ದು ತೆಗೆದುಕೊಂಡು ಹೋಗಿ, ಬೇಕಾದ್ದು ಬಳಸಿ. ಒಂದೊಂದು ಚುನಾವಣೆಗೆ ಒಂದೊಂದು ಲಕೋಟೆ. ಲಕೋಟೆಯಲ್ಲಿ ಸಣ್ಣ ತೂತು ಇರುತ್ತದೆ, ಒಳಗಿನ ಚೀಟಿಯ ಬಣ್ಣ ಅದರಲ್ಲಿ ಕಾಣಬೇಕು. ಒಂದೇ ಲಕೋಟೆಗೆ ಎರಡು ಪಕ್ಷದ ಚೀಟಿ ಹಾಕಿದರೆ ಆ ವೋಟು ಅಸಿಂಧು. ಬೇರೆ ಊರಿನಲ್ಲಿ ಮುಂಗಡ ಹಾಕುವಾಗ ನಿಮ್ಮ ಕಮ್ಯೂನಿನ ಚೀಟಿ ಸಿಗದಿರಬಹುದು, ಆಗ ಖಾಲಿ ಬಿಳಿ ಚೀಟಿಯ ಮೇಲೆ ಪಕ್ಷದ ಹೆಸರು ಬರೆದರೆ ಸಾಕು.

ಚೀಟಿಯಲ್ಲಿ ಹೆಸರುಗಳಿದ್ದರೆ ಒಬ್ಬರ ಮುಂದೆ ಮಾತ್ರ ಗುಣಾಕಾರದ ಗುರುತು ಹಾಕಬಹುದು. ಇಬ್ಬರಿಗೆ ಹಾಕಿದರೆ ಪಕ್ಷದ ವೋಟು ಉಳಿಯುತ್ತದೆ, ವ್ಯಕ್ತಿಯ ವೋಟು ಹೋಗುತ್ತದೆ. ಬೇಡದವರ ಹೆಸರು ಹೊಡೆದುಹಾಕಿದರೂ ಏನೂ ಪರಿಣಾಮವಿಲ್ಲ. ಆ ಒಂದು ಗುರುತಿಗೆ ಬೆಲೆ ಇದೆ: ಕಮ್ಯೂನ್ ಚುನಾವಣೆಯಲ್ಲಾದರೆ ಕ್ಷೇತ್ರದಲ್ಲಿ ಪಕ್ಷಕ್ಕೆ ಬಿದ್ದ ವೋಟಿನ 5%, ಕಡಿಮೆಯೆಂದರೆ 50 ಗುರುತು, ಒಬ್ಬ ಅಭ್ಯರ್ಥಿಗೆ ಬಂದರೆ ಪಟ್ಟಿಯಲ್ಲಿ ಕೆಳಗಿದ್ದರೂ ಮೇಲಕ್ಕೆ ಬರುತ್ತಾರೆ.

ಪ್ರಶ್ನೆ (ಸ್ಕಾರ್‌ಪ್‌ನೆಕ್):
ಸರ್, ಗೆದ್ದವರು ಮಾಡುವುದೇನು? ಮೇಯರ್ ಯಾರು? ನಮ್ಮ ಏರಿಯಾಗೆ ಅಂತ ಒಬ್ಬ ಕಾರ್ಪೊರೇಟರ್ ಇರ್ತಾರಾ?

ಉತ್ತರ (ವೆಲ್ಲಿಂಗ್‌ಬಿ):
ವಾರ್ಡ್ ಪದ್ಧತಿ ಇಲ್ಲ. ನಗರಸಭೆಗೆ 101 ಸದಸ್ಯರು, ಪಕ್ಷಕ್ಕೆ ಬಂದ ವೋಟಿನ ಪ್ರಮಾಣಕ್ಕೆ ತಕ್ಕಂತೆ ಸೀಟು. ಸ್ಟಾಕ್‌ಹೋಮ್ ನಗರವನ್ನು ಹಲವು ಕ್ಷೇತ್ರಗಳಾಗಿ ಹಂಚಿರುವುದರಿಂದ 3% ದಾಟದ ಪಕ್ಷಕ್ಕೆ ಸೀಟಿಲ್ಲ. ಸಭೆ ಸ್ಟಾಡ್ಸ್‌ಹ್ಯೂಸೆಟ್‌ನಲ್ಲಿ, ನೊಬೆಲ್ ಔತಣ ನಡೆಯುವ ಅದೇ 1923ರ ಕೆಂಪು ಇಟ್ಟಿಗೆ ಕಟ್ಟಡದಲ್ಲಿ. ಮೇಲಿನ ಗ್ಯಾಲರಿಯಲ್ಲಿ ಯಾರು ಬೇಕಾದರೂ ಕೂತು ನೋಡಬಹುದು. ಜನ ನೇರವಾಗಿ ಆರಿಸುವ ಮೇಯರ್ ಇಲ್ಲ. ಆಡಳಿತದ ಮುಖ್ಯಸ್ಥರು ಹಣಕಾಸು ನೋಡುವ ಫಿನಾನ್ಸ್‌ಬೋರ್ಯರ್‌ರೋಡ್. 2022ರ ಚುನಾವಣೆಯ ನಂತರ ಆ ಸ್ಥಾನಕ್ಕೆ ಬಂದವರು ಸೋಷಿಯಲ್ ಡೆಮಾಕ್ರಾಟ್ ಪಕ್ಷದ ಕಾರಿನ್ ವಾನ್‌ಗೋರ್ಡ್. ಬಹುತೇಕ ಸದಸ್ಯರು ಬೇರೆ ನೌಕರಿ ಮಾಡಿಕೊಂಡು ಸಂಜೆ ರಾಜಕೀಯ ನೋಡುವವರು. ಇಮೇಲ್ ಬರೆದರೆ ಉತ್ತರ ಬರುತ್ತದೆ, ಆದರೆ ನಾಲ್ಕು ಸಾಲಿನಲ್ಲಿ ಒಂದೇ ಪ್ರಶ್ನೆ ಕೇಳಿ.

ದೂರು ತಪ್ಪು ಬಾಗಿಲಿಗೆ ಹೋಗುವುದೇ ನಮ್ಮವರ ದೊಡ್ಡ ತೊಡಕು. ಫೋರ್‌ಸ್ಕೂಲಾ (ಶಾಲೆಗೆ ಮುಂಚಿನ ಶಿಶುವಿಹಾರ), ಶಾಲೆ, ವೃದ್ಧರ ಆರೈಕೆ, ಸ್ಥಳೀಯ ರಸ್ತೆ, ಕಸ, ನೀರು, ಮನೆ ಕಟ್ಟುವ ಯೋಜನೆ ಕಮ್ಯೂನಿನದು. ವೈದ್ಯರು, ಮಕ್ಕಳ ಆರೋಗ್ಯ ಕೇಂದ್ರ, ಮೆಟ್ರೋ, ಬಸ್ಸು ರೀಜನ್ನಿನದು. ವೀಸಾ, ಪೊಲೀಸು, ಮಕ್ಕಳ ಭತ್ಯೆ ಸರ್ಕಾರದ್ದು. ಕಿಸ್ತಾದ ಬಸ್ಸು ತಡವಾಗುತ್ತದೆ ಅಂತ ನಗರಸಭೆ ಸದಸ್ಯರಿಗೆ ಬರೆದರೆ ಅವರ ಕೈಯಲ್ಲಿ ಏನೂ ಇಲ್ಲ. ಬೀದಿ ದೀಪ, ರಸ್ತೆ ಗುಂಡಿಗಾದರೆ ನಗರದ "ತ್ಯುಕ್ ತಿಲ್" ಆ್ಯಪ್‌ನಲ್ಲಿ ಫೋಟೋ ಹಾಕಿ. ಬಡಾವಣೆ ಮಟ್ಟದಲ್ಲಿ ಸ್ಟಾಡ್ಸ್‌ಡೇಲ್ಸ್‌ನೆಮ್ಡ್ ಅನ್ನುವ ಸಮಿತಿಗಳಿವೆ. ಕಿಸ್ತಾ, ರಿಂಕೆಬಿ, ಸ್ಪೋಂಗಾ, ಟೆನ್‌ಸ್ಟಾ ಸೇರಿ 2023ರಿಂದ ಯೆರ್ವಾ ಸಮಿತಿ ಆಗಿದೆ. ಅಲ್ಲಿಗೆ ನಿವಾಸಿಗಳೇ ಲಿಖಿತ ಪ್ರಸ್ತಾಪ ಕೊಡಬಹುದು.

ಉತ್ತರ (ಹ್ಯುಸ್‌ಬಿ):
ಕಿಸ್ತಾದ ಅಕ್ಕ ಕೇಳಿದ್ದರಿಂದ ಶಾಲೆಯ ಭಾಗ ನಾನು ಬರೆಯುತ್ತೇನೆ. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. ಸೆಪ್ಟೆಂಬರ್ 13ಕ್ಕೆ ಚುನಾವಣೆ. ಅಕ್ಟೋಬರ್ 15ರಿಂದ ಹೊಸ ನಗರಸಭೆ. ವರ್ಷ ಮುಗಿಯುವುದರೊಳಗೆ ಅವರು 2027ರ ಬಜೆಟ್ ಒಪ್ಪಬೇಕು. 2021ರಲ್ಲಿ ಹುಟ್ಟಿದ ಮಗುವಿಗೆ ಫೋರ್‌ಸ್ಕೂಲೆಕ್ಲಾಸ್‌ಗೆ (ಒಂದನೇ ತರಗತಿಗೆ ಮುಂಚಿನ ವರ್ಷಕ್ಕೆ) ಶಾಲೆಯ ಆಯ್ಕೆ 2027ರ ಜನವರಿ-ಫೆಬ್ರವರಿಯಲ್ಲಿ, ತರಗತಿ ಆಗಸ್ಟಿನಲ್ಲಿ. ನಿಮ್ಮ ಮಗಳು ಕೂರುವ ತರಗತಿಗೆ ತಲಾ ಎಷ್ಟು ದುಡ್ಡು ಅನ್ನುವುದನ್ನು ಈ ಸಲದ ಬಿಳಿ ಚೀಟಿಯೇ ನಿರ್ಧರಿಸುತ್ತದೆ.

ಶಾಲೆ ಹಂಚಿಕೆಯಲ್ಲಿ "ನಮ್ಮ ಮನೆ ಎದುರಿಗೇ ಶಾಲೆ, ಸಿಕ್ಕೇ ಸಿಗುತ್ತೆ" ಅಂದುಕೊಳ್ಳಬೇಡಿ. ನಗರದ ಶಾಲೆಗಳಲ್ಲಿ ಅಣ್ಣ-ಅಕ್ಕ ಓದುತ್ತಿದ್ದರೆ ಮೊದಲ ಆದ್ಯತೆ, ಆಮೇಲೆ ಸಾಪೇಕ್ಷ ದೂರ. ಒಂದು ಮಗುವಿಗೆ ಆ ಶಾಲೆ 400 ಮೀಟರ್, ಇನ್ನೊಂದು ಶಾಲೆ 500 ಮೀಟರ್: ಸಿಗದಿದ್ದರೆ 100 ಮೀಟರ್ ಹೆಚ್ಚು ನಡಿಗೆ. ಇನ್ನೊಂದು ಮಗುವಿಗೆ ಅದೇ ಶಾಲೆ 900 ಮೀಟರ್, ಬೇರೆಯದು 2,100: ಸಿಗದಿದ್ದರೆ 1,200 ಹೆಚ್ಚು. ಸೀಟು ಎರಡನೇ ಮಗುವಿಗೆ. ಖಾಸಗಿಯವರು ನಡೆಸುವ ಫ್ರೀಸ್ಕೂಲಾಗಳಲ್ಲಿ ಹಲವು ಕ್ಯೂ ತಾರೀಖಿನ ಮೇಲೆ ನಡೆಯುತ್ತವೆ, ಇಂಗ್ಲಿಷ್ ಮಾಧ್ಯಮದವುಗಳ ಕ್ಯೂ ಬಲು ಉದ್ದ. ಚಿಕ್ಕವರಿಗೆ ಫೋರ್‌ಸ್ಕೂಲಾ ಬೇಕಿದ್ದರೆ ಅರ್ಜಿ ಕೊಟ್ಟ ನಾಲ್ಕು ತಿಂಗಳೊಳಗೆ ಕಮ್ಯೂನ್ ಜಾಗ ಕೊಡಲೇಬೇಕು. ಆದರೆ ನೀವು ಕೇಳಿದ್ದೇ ಕೊಡಬೇಕು ಅಂತಿಲ್ಲ.

ಇನ್ನು ಕನ್ನಡ. ಮನೆಯಲ್ಲಿ ತಂದೆಯೋ ತಾಯಿಯೋ ದಿನವೂ ಮಗುವಿನ ಜೊತೆ ಕನ್ನಡ ಆಡುತ್ತಿದ್ದು, ಮಗುವಿಗೆ ಭಾಷೆಯ ಅಡಿಪಾಯ ಇದ್ದರೆ, ಒಂದನೇ ತರಗತಿಯಿಂದ ಮಾತೃಭಾಷಾ ಪಾಠ ಕೇಳಬಹುದು. ಒದಗಿಸಲೇಬೇಕಾದ ಷರತ್ತು ಎರಡು: ಕನಿಷ್ಠ ಐದು ಮಕ್ಕಳು, ಯೋಗ್ಯ ಶಿಕ್ಷಕರು. ಐದರ ಲೆಕ್ಕ ಶಾಲೆಯೊಂದರಲ್ಲಿ ಬೇಕಿಲ್ಲ, ಇಡೀ ಕಮ್ಯೂನಿನ ಶಾಲೆಗಳದ್ದು. ನಮಗೆ ಕೈಕೊಡುವುದೂ ಇಲ್ಲೇ. ಕಿಸ್ತಾದಲ್ಲಿ ಮೂರು, ಸೊಲ್ಲೆಂಟ್ಯೂನಾದಲ್ಲಿ ಮೂರು, ಒಂದು ಫ್ರೀಸ್ಕೂಲಾದಲ್ಲಿ ಎರಡು ಮಕ್ಕಳಿದ್ದರೆ ಒಟ್ಟು ಎಂಟು, ಆದರೂ ಯಾರ ಮೇಲೂ ಕಡ್ಡಾಯವಿಲ್ಲ. ಫ್ರೀಸ್ಕೂಲಾದ ಮಕ್ಕಳ ಲೆಕ್ಕ ಅದನ್ನು ನಡೆಸುವವರ ಖಾತೆಗೆ. ಜೊತೆಗೆ, ಶಾಲೆಯ ಫಾರಂನಲ್ಲಿ ಮನೆಭಾಷೆ ಅಂತ ಕೇಳಿದಲ್ಲಿ ಇಂಗ್ಲಿಷ್ ಅಥವಾ ಹಿಂದಿ ಬರೆದುಬಿಡುವ ತಂದೆ-ತಾಯಿ ಬಹಳ. ಅಲ್ಲಿಗೆ ಆ ಮಗು ಕನ್ನಡದ ಲೆಕ್ಕದಿಂದ ಹೊರಗೆ. ದಯವಿಟ್ಟು ಕನ್ನಡ ಅಂತ ಬರೆಯಿರಿ.

ಆದ್ದರಿಂದ ಒಂದೇ ಕಮ್ಯೂನಿನ ಮನೆಗಳು ಮಾತಾಡಿಕೊಂಡು ಒಂದೇ ವಸಂತದಲ್ಲಿ ಅರ್ಜಿ ಹಾಕಿ. "ಶಿಕ್ಷಕರಿಲ್ಲ" ಅನ್ನುವ ಉತ್ತರಕ್ಕೆ ಮುಂಚೆಯೇ ಹೆಸರು ಸಿದ್ಧವಿರಲಿ. ಮಾತೃಭಾಷಾ ಶಿಕ್ಷಕರಿಗೆ ಸ್ವೀಡಿಷ್ ಶಿಕ್ಷಕ ಪರವಾನಗಿ ಕಡ್ಡಾಯವಲ್ಲ. ಊರಿನಲ್ಲಿ ಪಾಠ ಮಾಡಿ, ಇಲ್ಲಿ ಮನೆಯಲ್ಲಿ ಕೂತಿರುವ ಟೀಚರುಗಳು ನಮ್ಮಲ್ಲೇ ಇದ್ದಾರೆ. ಆನ್‌ಲೈನ್ ಪಾಠಕ್ಕೂ ಕಾನೂನಿನಲ್ಲಿ ಅವಕಾಶವಿದೆ.

ಪ್ರಶ್ನೆ (ಕಿಸ್ತಾ):
ಪಕ್ಷಗಳ ಬಗ್ಗೆ ಎರಡು ಮಾತು?

ಉತ್ತರ (ಹ್ಯುಸ್‌ಬಿ):
ಯಾರಿಗೆ ಹಾಕಿ ಅಂತ ಇಲ್ಲಿ ಹೇಳುವುದಿಲ್ಲ ಅಕ್ಕ. ದೇಶದ ಗುಂಪುಗಾರಿಕೆಯನ್ನೇ ನಗರಕ್ಕೂ ಹಿಡಿದು ನೋಡಬೇಡಿ. ಪರಿಸರ ಪಕ್ಷ 2018ರಿಂದ 2022ರವರೆಗೆ ಮೊಡೆರಾಟ್, ಲಿಬರಲ್, ಸೆಂಟರ್, ಕ್ರಿಶ್ಚಿಯನ್ ಡೆಮಾಕ್ರಾಟರ ಜೊತೆ ನಗರ ಆಳಿತು. 2022ರ ನಂತರ ಸೋಷಿಯಲ್ ಡೆಮಾಕ್ರಾಟ್ ಮತ್ತು ಎಡಪಕ್ಷದ ಜೊತೆ. ದೊಡ್ಡ ಜಗಳ ಎರಡು ವಿಷಯಕ್ಕೆ. ನಗರದ ಬಾಡಿಗೆ ಮನೆಗಳನ್ನು ಬಾಡಿಗೆದಾರರಿಗೆ ಮಾರಲು ಬಿಡಬೇಕೆ: ಮೊಡೆರಾಟರು ಬಿಡಬೇಕು ಅನ್ನುತ್ತಾರೆ, ಎಡಬದಿಯವರು ಬೇಡ ಅನ್ನುತ್ತಾರೆ. ಶಾಲೆಗಳಿಂದ ಲಾಭ ತೆಗೆಯಬಹುದೆ: ಎಡಪಕ್ಷ ಪೂರ್ತಿ ವಿರೋಧ, ಬಲಬದಿಯವರು ಪೋಷಕರ ಆಯ್ಕೆ ಮುಖ್ಯ ಅನ್ನುತ್ತಾರೆ. ಸರ್ಕಾರಿ ಖರ್ಚಿನ ಮಾತೃಭಾಷಾ ಪಾಠವನ್ನು ಸ್ವೀಡನ್ ಡೆಮಾಕ್ರಾಟರು ಬಹುಕಾಲದಿಂದ ವಿರೋಧಿಸುತ್ತಾ ಬಂದಿದ್ದಾರೆ. ಅದರ ಕಾನೂನು ಸಂಸತ್ತಿನಲ್ಲಿದ್ದರೂ ದುಡ್ಡು, ಶಿಕ್ಷಕರು ಕಮ್ಯೂನಿನವು, ಹಾಗಾಗಿ ಎಲ್ಲ ಪಕ್ಷದವರನ್ನೂ ಕೇಳಿ.

ಕರಪತ್ರ ಓದಿ ಪ್ರಯೋಜನ ಕಡಿಮೆ, ಎಲ್ಲರದೂ ಒಂದೇ ಥರ ಇರುತ್ತದೆ. ವಿರೋಧ ಪಕ್ಷಗಳೂ ಪ್ರತಿವರ್ಷ ತಮ್ಮದೇ ಪೂರ್ತಿ ಬಜೆಟ್ ಮಂಡಿಸುತ್ತವೆ. ಶಾಲೆಯ ಪುಟ ತೆರೆದು ಅಂಕಿ ಹೋಲಿಸಿ, ಅನುವಾದಕ್ಕೆ ಫೋನ್ ಸಾಕು. ಚುನಾವಣೆ ಹತ್ತಿರ ಬಂದಾಗ ಚೌಕಗಳಲ್ಲಿ ಪಕ್ಷಗಳು ಬಣ್ಣ ಬಳಿದ ಪುಟ್ಟ ಮರದ ಗೂಡು ಇಟ್ಟುಕೊಂಡು ಕಾಫಿ ಕೊಡುತ್ತವೆ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಅಲ್ಲಿ ಹೀಗೆ ಕೇಳಿ: ಫೋರ್‌ಸ್ಕೂಲಾದಲ್ಲಿ ಒಂದರಿಂದ ಮೂರು ವರ್ಷದವರ ಗುಂಪಿಗೆ ಸ್ಕೂಲ್‌ವೆರ್ಕೆಟ್ (ರಾಷ್ಟ್ರೀಯ ಶಿಕ್ಷಣ ಇಲಾಖೆ) ಹೇಳುವ ಮಾನದಂಡ 6ರಿಂದ 12 ಮಕ್ಕಳು, ನಮ್ಮ ಬಡಾವಣೆಯಲ್ಲಿ ಅದನ್ನು ತಲುಪಲು ನಿಮ್ಮ ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದೀರಿ? ಐದಕ್ಕಿಂತ ಕಡಿಮೆ ಮಕ್ಕಳಿರುವ ಭಾಷೆಗೆ ಪಕ್ಕದ ಕಮ್ಯೂನಿನ ಜೊತೆ ಸೇರಿ ಆನ್‌ಲೈನ್ ಪಾಠ ಕೊಡಲು ಒಪ್ಪುತ್ತೀರಾ? ಉತ್ತರ ಕೊಟ್ಟವರ ಹೆಸರು ಬರೆದುಕೊಳ್ಳಿ, ಅವರ ಹೆಸರು ಬಿಳಿ ಚೀಟಿಯಲ್ಲಿ ಇದೆಯೇ ಅಂತ ಅಲ್ಲೇ ತೋರಿಸಲು ಹೇಳಿ.