ಮಂದ್ಯಾಗ ಬೆರೆಯೂದು ಹೆಂಗ? ಗುಳಿಗಿ, ಆ್ಯಪು, ರೂಢಿ

ಕೇಳಿದವರು, ವಿಜಯಪುರ: ನಾಲ್ಕು ಮಂದಿ ಕೂಡಿದಲ್ಲೆ ಬಾಯಿ ಕಟ್ಟತದ. ಅಶ್ವಗಂಧ ತಗೊಂಡ್ರ ಧೈರ್ಯ ಬರ್ತದೇನು? ಮೆದುಳಿನ ಆಟದ ಆ್ಯಪಿಗೆ ರೊಕ್ಕ ಕಟ್ಟಬೇಕೇನು? ತಿಳಿದವರು ಹೇಳ್ರಿ.

ಔಷಧ ಅಂಗಡಿಯವರು, ಬೆಳಗಾವಿ: ಅಶ್ವಗಂಧ ಒತ್ತಡ ಒಂಚೂರು ಇಳಿಸಬಹುದು, ಮಾತು ಕಲಿಸೂದಿಲ್ಲ. ಪ್ರಯೋಗದಾಗ ಹೆಚ್ಚಾಗಿ ಕೊಟ್ಟಿದ್ದು ಬೇರಿನ ಸಾರ, 300 ಮಿ.ಗ್ರಾಂ., ದಿನಕ್ಕ ಎರಡು ಸಲ, ಎಂಟು ವಾರ. ಒಂದು ಚಮಚ ಚೂರ್ಣ ಅದಕ್ಕ ಸಮ ಅಲ್ಲ. ಥೈರಾಯ್ಡ್ ಗುಳಿಗಿ, ನಿದ್ದಿ ಗುಳಿಗಿ ನುಂಗವರು ಡಾಕ್ಟರನ್ನ ಕೇಳದ ಮುಟ್ಟಬಾರದು. ಬಸುರಿದ್ದವರಿಗೆ ಬ್ಯಾಡೇ ಬ್ಯಾಡ. ಅಪರೂಪಕ್ಕ ಲಿವರಿಗೆ ಪೆಟ್ಟು ಬೀಳತೈತಿ. ಕಣ್ಣು ಹಳದಿ ಆದ್ರ, ಮೂತ್ರ ಕಡುಬಣ್ಣ ಬಂದ್ರ ಅವತ್ತ ನಿಲ್ಲಿಸಿ ದವಾಖಾನಿಗೆ ಹೋಗ್ರಿ. ಇದಕ್ಕೆಲ್ಲ ರೊಕ್ಕ ಹಾಕೂದಕ್ಕಿಂತ ಮೊದಲ ವಿಟಮಿನ್ ಬಿ12 ರಕ್ತಪರೀಕ್ಷೆ ಮಾಡಿಸೂದು ಚಲೋ, ಅದರಾಗೂ ಶಾಕಾಹಾರಿಗಳು. ಒಂದು ಮಿ.ಲೀ.ಗೆ 200 ಪಿಕೊಗ್ರಾಂ ಕೆಳಗಿದ್ರ ಕೊರತಿ ಅಂತ ಹಿಡೀತಾರ. ಆ ಕೊರತಿಯಿಂದ ಬರೂ ದಣಿವನ್ನ ಭಾಳ ಮಂದಿ ಸ್ವಭಾವ ಅಂತ ತಿಳಕೊಂಡಿರ್ತಾರ.

ಇನ್ನೊಬ್ಬರು, ವಿಜಯಪುರ: ಆ್ಯಪಿಗೆ ರೊಕ್ಕ ಕಟ್ಟಬ್ಯಾಡ್ರಿ. ಎನ್-ಬ್ಯಾಕ್ ಅನ್ನೂ ನೆನಪಿನ ಆಟ ಆಡಿದ್ರ ಎನ್-ಬ್ಯಾಕ್ ಆಟ ಸುಧಾರಸ್ತದ, ಅಷ್ಟ.

ಆಪ್ತ ಸಮಾಲೋಚಕರು, ಬಾಗಲಕೋಟೆ: ಕೆಲಸ ಮಾಡೂದು ಮೆಟ್ಟಿಲು ಪಟ್ಟಿ. ಅಂಜಿಕಿ ಬರೂ ಎಂಟ್ಹತ್ತು ಸಂದರ್ಭ ಬರೀರಿ, ಒಂದೊಂದಕ್ಕ ಸೊನ್ನಿಯಿಂದ ಹತ್ತರ ತನಕ ಅಂಕಿ ಹಾಕ್ರಿ. ಮೂರು ಅಥವಾ ನಾಲ್ಕು ಬಿದ್ದದ್ದರಿಂದ ಚಾಲೂ ಮಾಡ್ರಿ: ಕಾಯಿಪಲ್ಯೆ ಅಂಗಡ್ಯಾಗ ದರ ಕೇಳಿ, ತಗೊಳ್ಳದ ಬರೂದು. ಮುಂದ, ಖಾನಾವಳ್ಯಾಗ ಬಡಿಸವರನ್ನ ಕರೆದು ಇನ್ನೊಂದಿಷ್ಟು ಪಲ್ಯೆ ಕೇಳೂದು. ಬಸ್ಸಿನ್ಯಾಗ ಬಾಜೂಕಿನವರಿಗೆ ‘ಯಾವೂರ್ರಿ?’ ಅನ್ನೂದು. ಆಫೀಸಿನ ಮೀಟಿಂಗಿನ್ಯಾಗ ಮೊದಲ ಬಾಯಿ ತೆರೆಯೂದು ಕಡೀಕ ಇರಲಿ. ಒಂದು ಮೆಟ್ಟಿಲು ವಾರದಾಗ ನಾಲ್ಕೈದು ಸಲ. ಅಂಜಿಕಿ ಅರ್ಧಕ್ಕ ಇಳಿದ ಮ್ಯಾಲೆ ಮುಂದಿಂದು. ಹೋಗೂಕಿಂತ ಮೊದಲ ‘ಏನಾಗಬಹುದು’ ಅಂತ, ಬಂದ ಮ್ಯಾಲೆ ‘ಏನಾತು’ ಅಂತ ಒಂದೊಂದು ಸಾಲು ಬರೀರಿ.

ಕೆಡೂದು ಎಲ್ಲೆ ಅಂದ್ರ, ಕೈಯಾಗ ಮೊಬೈಲ್ ಹಿಡಕೊಂಡು, ಹೇಳೂ ಮಾತು ಬಾಯಿಪಾಠ ಮಾಡಿ, ನೆಲ ನೋಡಕೋತ ಹೋದಾಗ. ಪಾರಾದದ್ದು ಮೊಬೈಲಿನಿಂದ ಅಂತ ಮನಸ್ಸು ಲೆಕ್ಕಾ ಹಾಕತೈತಿ, ಅಂಜಿಕಿ ಹಂಗ ಉಳೀತೈತಿ. ನಾಲ್ಕರಿಂದ ಸೀದಾ ಒಂಬತ್ತಕ್ಕ ಹಾರೂದೂ ಅಷ್ಟ ಕೆಟ್ಟದ್ದು.

ವ್ಯಾಪಾರಸ್ಥರು, ಬೆಳಗಾವಿ: ಅದಕ್ಕೊಂದು ಮಾತು ಕೂಡಸ್ತೀನಿ. ದರ ಕೇಳಾಕ ಸಂಜಿ ಆರಕ್ಕ ಬರಬ್ಯಾಡ್ರಿ. ಗದ್ದಲದಾಗ ಅಂಗಡಿಯವ ಸಿಡುಕಿದ್ರ ನಿಮ್ಮ ಮ್ಯಾಲೆ ಸಿಟ್ಟು ಅನಸ್ತೈತಿ. ಮಧ್ಯಾಹ್ನ ಮೂರರ ಸುಮಾರು ನಾವ ಮಾತಿಗೆ ಯಾರರೆ ಸಿಗ್ತಾರೇನು ಅಂತ ಕುಂತಿರ್ತೀವಿ.

ಔಷಧ ಅಂಗಡಿಯವರು, ಬೆಳಗಾವಿ: ಚಹಾನೂ ನೋಡ್ರಿ. ಖಾಲಿ ಹೊಟ್ಟಿಮ್ಯಾಲೆ ಕಡಕ್ ಚಹಾ ಎರಡು ಕಪ್ ಕುಡಿದು ಮೀಟಿಂಗಿಗೆ ಹೋದ್ರ ಎದಿ ಬಡಕೊಳ್ಳೂದು ಕೆಫೀನಿನಿಂದ, ಮನಸ್ಸು ಅದನ್ನ ಅಂಜಿಕಿ ಅಂತೈತಿ. ಎದಿ ಬಡಿತ ಇಳಿಸೂ ಪ್ರೊಪ್ರನೊಲಾಲ್ ಗುಳಿಗಿ ಕೇಳಕೋತ ಬರ್ತಾರ; ಚೀಟಿ ಇಲ್ಲದ ಕೊಡೂದಿಲ್ಲ, ಅಸ್ತಮಾ ಇದ್ದವರಿಗೆ ಅದು ಅಪಾಯ.

ಆಪ್ತ ಸಮಾಲೋಚಕರು, ಬಾಗಲಕೋಟೆ: ಅಂಜಿಕಿಯಿಂದ ನೌಕರಿ, ಲಗ್ನದ ಮಾತು ಬಿಡೂ ಹಂತ ಬಂದಿದ್ರ ಪಟ್ಟಿ ಒಂದ ಸಾಲೂದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚರಿ, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೂ ಹೋಗಬಹುದು.