ಅಪ್‌ಡೇಟ್: ಆಫೀಸ್ ಲ್ಯಾಪ್‌ಟಾಪಿಗೆ ಎನ್‌ಕ್ರಿಪ್ಶನ್ ಹಾಕಿದೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಟ್ಯಾಕ್ಸ್ ಆಫೀಸು. ಗಿರಾಕಿಗಳ ಆಧಾರ್, ಪ್ಯಾನ್ ಪ್ರತಿಗಳಿರುವ ಲ್ಯಾಪ್‌ಟಾಪ್ ಕಳುವಾದರೆ ವಿಂಡೋಸ್ ಪಾಸ್‌ವರ್ಡ್ ಸಾಕಾ ಅಂತ ಕೇಳಿದ್ದೆ. ಸಾಲದು ಅಂದಿದ್ರಿ. ಖರೇನೇ. ಅದರ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್ ಹಾಕಿ ತಮ್ಮನ ಕಂಪ್ಯೂಟರಿಗೆ ಜೋಡಿಸಿದೆವು. ಪಾಸ್‌ವರ್ಡ್ ಕೇಳಲೇ ಇಲ್ಲ! 'ಕಂಟಿನ್ಯೂ' ಒತ್ತಿದರೆ ಫೋಲ್ಡರ್‌ಗಳೆಲ್ಲ ತೆರೆದವು.

ನನ್ನದು ವಿಂಡೋಸ್ ಹೋಮ್. ಎನ್‌ಕ್ರಿಪ್ಶನ್ ಅಂದ್ರೆ ಪಾಸ್‌ವರ್ಡ್ ಅಥವಾ ಕೀ ಇಲ್ಲದೆ ಡಿಸ್ಕಿನಲ್ಲಿರೋದನ್ನ ಯಾರೂ ಓದಲಾಗದ ಹಾಗೆ ಮಾಡೋದು. ಅದಕ್ಕೆ ವಿಂಡೋಸಿನದೇ ಆದ ಬಿಟ್‌ಲಾಕರ್ ಪೂರ್ತಿ ಬೇಕಂದ್ರೆ ವಿಂಡೋಸ್ ಪ್ರೊ ಕೊಳ್ಳಬೇಕು. ಸುಮ್ನೆ ಯಾಕೆ ಖರ್ಚು ಅಂತ ಅದೇ ಕೆಲಸ ಮಾಡುವ, ಉಚಿತವಾಗಿ ಸಿಗುವ ವೆರಾಕ್ರಿಪ್ಟ್ ಅನ್ನೋ ತಂತ್ರಾಂಶ ಹಾಕಿದೆ. ಈಗ ವಿಂಡೋಸ್ ಶುರುವಾಗುವ ಮುಂಚೆಯೇ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳುತ್ತೆ. ಅದು ಮರೆತರೆ, ಕಂಪ್ಯೂಟರ್ ಶುರುವಾಗದಿದ್ದಾಗ ಸರಿಪಡಿಸಲು ಮಾಡಿಟ್ಟುಕೊಳ್ಳುವ ರೆಸ್ಕ್ಯೂ ಪೆನ್‌ಡ್ರೈವ್ ಕೂಡ ಉಳಿಸಲ್ಲ. ಹಾಗಾಗಿ ಚೀಟಿಯಲ್ಲಿ ಬರೆದು ಮನೆಯ ತಿಜೋರಿಯಲ್ಲಿಟ್ಟಿದ್ದೇನೆ.

ಇನ್ನೊಂದು, ಸ್ಲೀಪ್‌ನಲ್ಲಿ ಬಿಟ್ಟರೆ ಡಿಸ್ಕ್ ಓದಲು ಬೇಕಾದ ಗುಟ್ಟಿನ ಕೀ ಮೆಮೊರಿಯಲ್ಲೇ ಇರುತ್ತಂತೆ, ಕದ್ದವರಿಗೆ ಸಿಗಬಹುದು. ಮನೆಗೆ ಹೊರಡುವಾಗ ಈಗ ಶಟ್‌ಡೌನ್ ಮಾಡ್ತೀನಿ.